ಸೊಲ್ಲಿಗೆ ಬಿಟ್ಟ ಜಾಗ

ಸೋಮವಾರ ಬೆಳಗ್ಗೆ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಮತ್ತೆ ಕೊರಳಿಗೆ ಧರಿಸಿಕೊಂಡು, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಗುರುಸಿದ್ದಯ್ಯನಿಗೆ ಮತ್ತೆ ಅದೇ ಅನುಮಾನ ಬಂತು. ಸದ್ದಿನಲ್ಲಿ ಏನೋ ಕಡಿಮೆಯಾಗಿದೆ. ಹಾಡುವವನು ಅವನೇ, ಗುಬ್ಬಿಯ ಮುದುಕ ಕರಿಸಿದ್ದಪ್ಪ. ಏಕತಾರಿಯೂ ಅದೇ, ಕೈಯ ಚಿಟಿಕೆಯೂ ಅದೇ. ಕ್ಯಾಸೆಟ್ ಸವೆದಿದೆ ಎನ್ನೋಣವೆಂದರೆ ಅದನ್ನು ಹಾಲುಗಲ್ಲದ ಕೂಸಿನ ಹಾಗೆ ಕಾಪಾಡಿಕೊಂಡು ಬಂದಿದ್ದ. ಆದರೂ ಮೊದಲೆಲ್ಲ ಇದೇ ಪದ ಕೇಳುವಾಗ ಮನೆ ತುಂಬಿದ ಹಾಗಾಗುತ್ತಿತ್ತು. ಪಡಸಾಲೆ, ಅಡುಗೆಮನೆ, ಹಿತ್ತಿಲ ಬಚ್ಚಲ ತನಕ ದನಿ ಓಡಾಡಿಕೊಂಡಿರುತ್ತಿತ್ತು. ಈಗ ಅದು ಮೂಲೆಯಲ್ಲೇ ನಿಂತುಬಿಡುತ್ತದೆ, ಹೊಸಿಲ ತನಕ ಬಂದು ಒಳಗಿನವರು ಬನ್ನಿ ಅನ್ನಲಿ ಎಂದು ಕಾಯುವ ನೆಂಟನ ಹಾಗೆ. ಅವನು ಸದ್ದು ಏರಿಸುವ ತಿರುಗಣೆಯನ್ನು ಸ್ವಲ್ಪ ತಿರುಗಿಸಿದ. ಜೋರಾಯಿತು, ತುಂಬಲಿಲ್ಲ. ಇನ್ನೂ ತಿರುಗಿಸಿದ. ಕಿವಿಗೆ ಚುಚ್ಚಿತು, ತುಂಬಲಿಲ್ಲ. "ಎಣ್ಣೆ ಉಂಟು ಬತ್ತಿ ಉಂಟು ಮನೆಯೊಳಗೆ ಕತ್ತಲುಂಟು, ಕಿಚ್ಚ ತರುವರಾರೊ ಗುರುವೆ, ಕಿಚ್ಚ ತರುವರಾರೊ" ಎಂದು ಕೇಳಿ ಕರಿಸಿದ್ದಪ್ಪ ಸುಮ್ಮನಾದ. ಏಕತಾರಿ ಮಾತ್ರ ಝುಂಯ್ ಅನ್ನುತ್ತಿತ್ತು. ಆಮೇಲೆ ತಾನು ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದ.

ಒಳಗಿನಿಂದ ರಾಗಿರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. "ರುದ್ರಿ, ನಿನ್ಗೇನಾದ್ರೂ ವ್ಯತ್ಯಾಸ ಕಾಣ್ತದಾ ಇದ್ರಲ್ಲಿ?" ಎಂದು ಕೂಗಿ ಕೇಳಿದ.

"ಯಾವುದ್ರಲ್ಲಿ?"

"ಟೇಪಿನಲ್ಲಿ ಕಣೇ. ದನಿ ಮಂಕಾದಂಗಿಲ್ವಾ?"

ತಟ್ಟುವ ಕೈ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. "ನಂಗೇನ್ ಗೊತ್ತಾಯ್ತದೆ ರೀ. ಒಲೆ ಮುಂದೆ ಕುಂತಿರೋಳು ನಾನು. ರೊಟ್ಟಿ ಆರೋಯ್ತದೆ, ಬನ್ನಿ."

ಮಗಳು ಮದುವೆಯಾಗಿ ತಿಪಟೂರು ಸೇರಿದ ಮೇಲೆ ಶೆಟ್ಟಿಹಳ್ಳಿಯ ಆ ಮನೆಯಲ್ಲಿ ಇದ್ದವರು ಗುರುಸಿದ್ದಯ್ಯ, ಶಿವರುದ್ರಮ್ಮ ಇಬ್ಬರೇ. ಇಬ್ಬರ ನಡುವೆ ಜಗಳವಿರಲಿಲ್ಲ. ಮಾತು ಕಡಿಮೆಯಾಗಿದೆ ಎಂದೂ ಹೇಳುವಂತಿರಲಿಲ್ಲ. ಹಾಲಿನವನು, ಸೀಮೆಎಣ್ಣೆ, ಮಗಳ ಕಾಗದ, ಎಲ್ಲವೂ ಮಾತಿಗೆ ಬರುತ್ತಿದ್ದವು. ಅವನು ರೊಟ್ಟಿಗೆ ಹುಚ್ಚೆಳ್ಳಿನ ಪುಡಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ಅವಳು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದುಕೊಂಡು ಬಂದು, ದೇವರ ಗೂಡಿನ ಚೌಕಟ್ಟಿಗೆ, ಬೀರುವಿಗೆ, ಆಮೇಲೆ ಟೇಪ್ ರೆಕಾರ್ಡರಿನ ನೆತ್ತಿಗೆ ಮೂರು ಬೆರಳಿನಲ್ಲಿ ಎಳೆದಳು. ಸೋಮವಾರಕ್ಕೊಮ್ಮೆ ಮನೆಯಲ್ಲಿ ಉಪಯೋಗಕ್ಕೆ ಬರುವ ಎಲ್ಲಕ್ಕೂ ಭಸ್ಮ ಬೀಳಬೇಕು, ಅದು ಅವಳ ತವರು ಕೊತ್ತಗೆರೆಯಿಂದ ಬಂದ ನಡವಳಿಕೆ. ಹೊಸದರಲ್ಲಿ ಅವನು ಇದನ್ನು ನೋಡಿ ನಗುತ್ತಿದ್ದ. ಇವತ್ತು ಆ ಒದ್ದೆ ಬೆರಳುಗಳು ಜಾಲರಿಯ ಹತ್ತಿರ ಹೋಗುವುದನ್ನೇ ನೋಡುತ್ತ, ಈ ಬೂದಿಯೇ ಒಳಗೆ ಇಳಿದು ದನಿಯ ಗಂಟಲು ಕಟ್ಟಿರಬಹುದೇ ಎಂದು ಯೋಚಿಸಿದ. ಯೋಚನೆ ಬಂದದ್ದೇ ಒಂದು ಬಗೆಯ ಸಮಾಧಾನವೂ ಆಯಿತು. ಆ ಸಮಾಧಾನ ಯಾಕಾಯಿತೆಂದು ಕೇಳಿಕೊಳ್ಳಲು ಹೋಗದೆ ಕೈ ತೊಳೆದುಕೊಂಡ.

ಕಚೇರಿಯಲ್ಲಿ ಸಂಬಳದ ಹಿಂಬಾಕಿ ಹಣ ಬಂದು ವಾರವಾಗಿತ್ತು. ಎಲ್ಲರೂ ಅದನ್ನು ಯಾವುದಾವುದಕ್ಕೋ ಹಾಕಿ ಮುಗಿಸಿದ್ದರು. ಗುರುಸಿದ್ದಯ್ಯ ಮಾತ್ರ ಕಡತದ ಮೇಲೆ ಪೆನ್ನು ಇಟ್ಟುಕೊಂಡು, ಸ್ಪೀಕರು ಬದಲಾಯಿಸುವುದೋ, ಆಂಪ್ಲಿಫೈಯರ್ ಕೂಡಿಸುವುದೋ, ಇಲ್ಲ ಈ ಯಂತ್ರವನ್ನೇ ಕೊಟ್ಟು ಹೊಸ ಸ್ಟೀರಿಯೋ ತರುವುದೋ ಎಂದು ಕಿಟಕಿಯಾಚೆ ನೋಡುತ್ತ ಕೂತಿದ್ದ. ಐವತ್ತು ದಾಟಿದವನು, ಮೂರು ಹೊತ್ತೂ ಲಿಂಗಪೂಜೆ ಮಾಡುವವನು, ಪೆಟ್ಟಿಗೆಯ ಆಸೆಗೆ ಬಿದ್ದಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಕೇಳುವುದು ಶಿವನ ಪದ ತಾನೆ, ಸಿನಿಮಾ ಹಾಡಲ್ಲವಲ್ಲ ಎಂದು ಅದಕ್ಕೆ ಉತ್ತರ ಕೊಟ್ಟುಕೊಳ್ಳುತ್ತಿದ್ದ. ಸದಾಶಿವನಗರದ ಲಕ್ಷ್ಮೀನರಸಿಂಹಯ್ಯನವರ ಮನೆಯ ಆ ಸಂಜೆ ಇಷ್ಟು ದಿನವಾದರೂ ಮನಸ್ಸಿನಿಂದ ಹೋಗಿರಲಿಲ್ಲ. ಅವರು ಕಚೇರಿಯಲ್ಲಿ ಇಂಜಿನಿಯರು; ದುಬೈಯಲ್ಲಿದ್ದ ತಮ್ಮ ಕಳಿಸಿದ ಸ್ಟೀರಿಯೋ ತೋರಿಸಲೆಂದೇ ಕರೆದಿದ್ದರು. ಗುರುಸಿದ್ದಯ್ಯ ಸೋಫಾದ ಅಂಚಿನಲ್ಲಿ, ಎದ್ದು ಹೋಗಬೇಕಾದವನ ಹಾಗೆ ಕೂತಿದ್ದ. ಒಡೆದ ಹಿಮ್ಮಡಿ ರತ್ನಗಂಬಳಿಯ ಮೇಲೆ ಕಾಣದಿರಲೆಂದು ಕಾಲನ್ನು ಒಳಕ್ಕೆ ಎಳೆದುಕೊಂಡಿದ್ದ. "ಕಣ್ಣು ಮುಚ್ಚಿ ಕೇಳಿ ಗುರುಸಿದ್ದಯ್ಯನವರೆ. ಪಿಟೀಲು ಎಡಗಡೆ, ಮೃದಂಗ ಬಲಗಡೆ. ಪಿಟೀಲಿನೋರು ಉಸಿರು ಎಳ್ಕೊಳ್ಳೋದು ಕೇಳಿಸ್ತಾ?" ಅಂದರು. ಕೇಳಿಸಿತ್ತು. ಎಲ್ಲಿಯದೋ ಊರಿನ, ಯಾರೋ ಮನುಷ್ಯನ ಉಸಿರು ತನ್ನ ಕಿವಿಯ ಪಕ್ಕ ಬಂದು ಹೋದದ್ದಕ್ಕೆ ಅವನಿಗೆ ಮೈ ಜುಮ್ಮೆಂದಿತ್ತು. ನಮ್ಮನೆ ಸೆಟ್ಟನ್ನೂ ಒಂದ್ಸಲ ಬಂದು ಕೇಳಬೇಕು ಎಂದು ಬಾಯಿತಪ್ಪಿ ಅಂದುಬಿಟ್ಟಿದ್ದ.

ಅವರು ಬಂದೂಬಿಟ್ಟರು, ಒಂದು ಭಾನುವಾರ, ಕಾರ್ತಿಕ ಮಾಸದಲ್ಲಿ. ಕಬ್ಬಿಣದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಕರಿಸಿದ್ದಪ್ಪನ ಪದವನ್ನು ಕೇಳಿದರು. ಗುರುಸಿದ್ದಯ್ಯ ಅವರ ಮುಖವನ್ನೇ, ವೈದ್ಯರ ಮುಖ ನೋಡುವವನ ಹಾಗೆ ನೋಡುತ್ತಿದ್ದ. "ಕಿಚ್ಚ ತರುವರಾರೊ" ಎಂದು ಕೇಳಿ ಮುದುಕ ನಿಲ್ಲಿಸಿದ್ದೇ ತಡ, ಅಡುಗೆಮನೆಯಿಂದ, ಒಗ್ಗರಣೆಯ ಚಟಪಟದ ಮೇಲಿಂದ ಶಿವರುದ್ರಮ್ಮನ ದನಿ ಎದ್ದಿತು: "ನೆರೆಮನೆಯೊಳುಂಟು ಕಿಚ್ಚು..." ಲಕ್ಷ್ಮೀನರಸಿಂಹಯ್ಯ ಹುಬ್ಬೇರಿಸಿ, "ಏನು, ಟೇಪ್ ರೆಕಾರ್ಡರಿಗೆ ಜವಾಬು ಕೊಡ್ತಾರಾ ನಿಮ್ಮನೆಯವರು?" ಎಂದು ನಕ್ಕರು. ಕೆಟ್ಟ ನಗೆಯೇನಲ್ಲ. ಆದರೂ ಗುರುಸಿದ್ದಯ್ಯನ ಕಿವಿ ಬಿಸಿಯಾಗಿ, "ಸ್ವಲ್ಪ ಸುಮ್ನಿರೇ ಅತ್ಲಾಗೆ! ಕೇಳೋಕಾದ್ರೂ ಬಿಡು!" ಎಂದು ಒಳಕ್ಕೆ ಗದರಿದ. ದನಿ ನಡುವೆಯೇ ನಿಂತಿತು. ಒಗ್ಗರಣೆಯ ಸದ್ದೂ ಸ್ವಲ್ಪ ಹೊತ್ತಿಗೆ ಅಡಗಿತು. ಪದ ಮುಗಿದ ಮೇಲೆ ಲಕ್ಷ್ಮೀನರಸಿಂಹಯ್ಯ ಕಾಫಿ ಕುಡಿದು, "ಹಾಡೋರು ಒಳ್ಳೇ ಹಾಡ್ತಾರೆ. ಆದ್ರೆ ಕಂಬಳಿ ಹೊದ್ದು ಹಾಡ್ದಂಗಿದೆ ನೋಡಿ ನಿಮ್ಮ ಸೆಟ್ಟಿನಲ್ಲಿ" ಎಂದು ಹೇಳಿ ಸ್ಕೂಟರು ಹತ್ತಿದರು. ಆ ದಿನದಿಂದ ಇವತ್ತಿನವರೆಗೆ ಗುರುಸಿದ್ದಯ್ಯ ನೆನೆದು ನೆನೆದು ಕುದಿದದ್ದು ಆ ಕಂಬಳಿಯ ಮಾತಿಗೆ. ಟೇಪು ಮಂಕಾಗತೊಡಗಿದ್ದೂ ಆ ದಿನದ ಮೇಲೆಯೇ ಎಂದು ಅವನಿಗೆ ಲೆಕ್ಕ ಸಿಗುತ್ತಿತ್ತು. ಅವರ ಬಾಯಿಂದ ಬಿದ್ದ ಮಾತು ಯಂತ್ರಕ್ಕೆ ದೃಷ್ಟಿಯ ಹಾಗೆ ತಾಗಿರಬೇಕು ಎಂದು ಕೂಡ ಒಮ್ಮೆ ಅಂದುಕೊಂಡಿದ್ದ.

ಸಂಜೆ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮಂಡಿಪೇಟೆ ಕಡೆಯ ಅಂಜನಮೂರ್ತಿಯ ಅಂಗಡಿಗೆ ಹೋದ. ಅಂಜನಮೂರ್ತಿ ಮಾತಿನ ಮಲ್ಲ. ಟವೆಲು ಬಿಚ್ಚಿದವನೇ, "ಏನ್ ಸಾರ್ ಇದು, ಇದ್ಕೂ ದೀಕ್ಷೆ ಕೊಟ್ಟಿದೀರಾ?" ಎಂದು ನೆತ್ತಿಯ ಭಸ್ಮವನ್ನು ತೋರಿಸಿದ. ಅಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಗುರುಸಿದ್ದಯ್ಯನೂ ನಕ್ಕ ಹಾಗೆ ಮಾಡಿ, "ಅದೇ ಒಳಕ್ಕೆ ಹೋಗಿ ಏನಾದ್ರೂ ಆಗಿದ್ಯಾ ನೋಡಪ್ಪ" ಅಂದ. ಹೌದು ಸಾರ್, ಬೂದಿಯೇ ಕಾರಣ ಎಂದು ಅವನು ಹೇಳಿಬಿಡಲಿ ಎಂದು ಆ ಗಳಿಗೆಯಲ್ಲಿ ಎಷ್ಟು ಆಸೆಪಟ್ಟನೆಂದರೆ, ಆ ಆಸೆಯ ಮುಖ ಅವನಿಗೇ ಕಂಡು ಹೆದರಿಕೆಯಾಯಿತು. ತಪ್ಪು ಅವಳದಾಗಲಿ ಎಂದು ತಾನು ಯಾಕೆ ಬೇಡಿಕೊಳ್ಳುತ್ತಿದ್ದೇನೆ? ಅವಳು ಏನು ಮಾಡಿದ್ದಾಳೆಂದು? ಅಂಜನಮೂರ್ತಿ ಹಿಂದಿನ ಮುಚ್ಚಳ ಬಿಚ್ಚಿ, ಹತ್ತಿಯಲ್ಲಿ ಒರೆಸಿ, ಊದಿ, ಮತ್ತೆ ಮುಚ್ಚಿದ. "ಒಳಗೆ ಕನ್ನಡಿ ಇದ್ದಂಗೈತೆ ಸಾರ್. ತಂದಾಗ ಹೆಂಗಿತ್ತೋ ಹಂಗೇ ಐತೆ."

"ಮತ್ಯಾಕಪ್ಪ ಹಿಂಗ್ ಕೇಳ್ತದೆ?"

"ಇದು ಇಷ್ಟೇ ಸಾರ್! ಇದ್ರ ಬಾಯೇ ಇಷ್ಟು. ಹೊಟ್ಟೆಲಿ ಎಷ್ಟೇ ಇದ್ರೂ ಬಾಯಿ ಸಣ್ಣದಾದ್ರೆ ಹೆಂಗ್ ಹೊರಗ್ ಬರ್ತದೆ? ಹೊಸ ಟೇಪು ಬ್ಯಾಡ, ದಂಡ. ದೀಪ ಮಿಣಮಿಣ ಅನ್ನೋದು ಬರ್ತದಲ್ಲ, ಅದು ಕಣ್ಣಿಗ್ ಸಾರ್, ಕಿವಿಗಲ್ಲ. ದುಡ್ಡು ಹಾಕೋದಾದ್ರೆ ಸ್ಪೀಕರಿಗೆ ಹಾಕಿ, ಅದಕ್ಕೆ ಒಂದು ಆಂಪ್ಲಿಫೈಯರ್ ಕೂಡ್ಸಿ. ಕೊಳ್ಳೋದು ಆಮ್ಯಾಕೆ. ಮನೆಗ್ ತಗಂಡೋಗಿ ನಾಲ್ಕ್ ದಿನ ಕೇಳಿ. ನಿಮ್ ಕಿವಿ ಏನ್ ಹೇಳ್ತದೋ ಅದು."

ಹೀಗೆ ಕರಿ ಬಟ್ಟೆ ಹೊದಿಸಿದ ಎರಡು ಮರದ ಪೆಟ್ಟಿಗೆಗಳೂ ಒಂದು ಆಂಪ್ಲಿಫೈಯರೂ ಆಟೋದಲ್ಲಿ ಶೆಟ್ಟಿಹಳ್ಳಿಗೆ ಬಂದವು. ಗುರುಸಿದ್ದಯ್ಯ ಮದುವೆ ಹೆಣ್ಣನ್ನು ಇಳಿಸುವವನ ಹಾಗೆ ಅವನ್ನು ಒಂದೊಂದಾಗಿ ಎತ್ತಿ ತಂದು ಪಡಸಾಲೆಯ ಎರಡು ಮೂಲೆಗೆ ಇಟ್ಟ. ಶಿವರುದ್ರಮ್ಮ ಬಾಗಿಲ ದಾರಂದಕ್ಕೆ ಒರಗಿ ನಿಂತು ನೋಡಿದಳು. "ಏನ್ರೀ ಇವು, ತೊಟ್ಟಿಲಷ್ಟು ಅವೆ?"

"ಸ್ಪೀಕರು. ನೋಡೋಕ್ ತಂದಿದೀನಿ. ಚೆನ್ನಾಗಿದ್ರೆ ಇಟ್ಕೊಳಾಣ."

"ಹ್ಞೂ." ಬೆಲೆ ಕೇಳಲಿಲ್ಲ. ನನಗೆ ಇಂಥದ್ದು ಬೇಕಿತ್ತು, ಇದರ ಬದಲು ಅದು ತರಬಹುದಿತ್ತು ಎನ್ನಲಿಲ್ಲ. ಅಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ವಾದ ಮಾಡಿ ಗೆಲ್ಲಬಹುದಿತ್ತು, ಇಲ್ಲ ಸೋತು ವಾಪಸು ಕೊಡಬಹುದಿತ್ತು. ಅವಳು ಕೋಣೆಗೆ ಹೋಗಿ ತಿರುಗಿ ಬಂದಾಗ ಕೈಯಲ್ಲಿ ಬೆಳಗಿನ ಭಸ್ಮದ ಬಟ್ಟಲಿತ್ತು. ಅವನು ತಂತಿ ಜೋಡಿಸಲು ಬಗ್ಗಿದ್ದವನು ತಲೆಯೆತ್ತುವಷ್ಟರಲ್ಲಿ ಎಡಗಡೆ ಪೆಟ್ಟಿಗೆಯ ಕರಿ ಬಟ್ಟೆಯ ಮೇಲೆ ಮೂರು ಬಿಳಿ ಗೆರೆ ಬಿದ್ದಾಗಿತ್ತು.

"ಅಯ್ಯೋ, ಅದು ನಮ್ದಲ್ಲ ಕಣೇ! ವಾಪಸ್ ಕೊಡೋದಾದ್ರೆ?"

"ಮನೆಯೊಳಕ್ ಬಂದದ್ದು ಸೋಮವಾರ. ಹಂಗೇ ಇರ್ಲಿ ಅಂದ್ರೆ ಹೆಂಗಿರ್ತದೆ?" ಎಂದು ಬಲಗಡೆಯದಕ್ಕೂ ಎಳೆದು ಒಳಗೆ ಹೋದಳು.

ದೀಪ ಹಚ್ಚುವ ಹೊತ್ತು. ದೇವರ ಗೂಡಿಗೆ ಕೈಮುಗಿದು ಅವನು ಕ್ಯಾಸೆಟ್ ಹಾಕಿದ. ಮೊದಲು ಏಕತಾರಿ ಬಂತು. ತಂತಿಯಲ್ಲ, ತಂತಿಯ ಕೆಳಗಿನ ಸೋರೆಬುರುಡೆಯ ಟೊಳ್ಳು ಬಂತು. ಆಮೇಲೆ ಮುದುಕನ ದನಿ. ಕಂಬಳಿ ಯಾರೋ ಕಿತ್ತು ಎಸೆದಿದ್ದರು. ಕರಿಸಿದ್ದಪ್ಪನ ಗಂಟಲಿನ ಕಫ, ಹಲ್ಲಿಲ್ಲದ ಕಡೆ ಸೋರಿಹೋಗುವ ಗಾಳಿ, ಎಲೆಯಡಿಕೆಯನ್ನು ದವಡೆಯ ಆಚೆಗೆ ಸರಿಸುವ ನಾಲಿಗೆ, ಎಲ್ಲ. ಗುರುಸಿದ್ದಯ್ಯ ನೆಲದ ಮೇಲೆ ಕೂತುಬಿಟ್ಟ. ಇದೇ, ಇದೇ ನನಗೆ ಬೇಕಾಗಿದ್ದುದು, ಕೊಡುವ ದುಡ್ಡು ಸಾರ್ಥಕ ಎಂದು ಎದೆಯಲ್ಲಿ ಹೇಳಿಕೊಳ್ಳುತ್ತಿರುವಾಗಲೇ ಪದ ಆ ಜಾಗಕ್ಕೆ ಬಂತು. "ಕಿಚ್ಚ ತರುವರಾರೊ ಗುರುವೆ, ಕಿಚ್ಚ ತರುವರಾರೊ." ನಿಂತಿತು. ಆ ಬಿಡುವು ಹಳೆಯ ಯಂತ್ರದಲ್ಲಿ ಒಂದು ಸಣ್ಣ ಸಂದಿಯಾಗಿತ್ತು. ಈಗ ಅದು ಬಾಗಿಲಾಗಿ, ಬಾಗಿಲಾಚೆ ಕೋಣೆಯಾಗಿ ತೆರೆದುಕೊಂಡಿತು. ದನಿ ಎಷ್ಟು ತುಂಬಿತ್ತೋ ಬಿಡುವೂ ಅಷ್ಟೇ ಖಾಲಿಯಾಗಿತ್ತು. ಆ ಖಾಲಿಯೊಳಗೆ, ಏಕತಾರಿಯ ಕೆಳಗೆ, ಇಷ್ಟು ವರ್ಷ ಅವನಿಗೆ ಕೇಳಿಸದೇ ಇದ್ದ ಒಂದು ಪಿಸುಮಾತು ಇತ್ತು.

"ಹಿಡೀರಿ."

ಅವನು ಟೇಪು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಕರಿಸಿದ್ದಪ್ಪನದೇ ದನಿ, ಉಸಿರಿನಲ್ಲಿ, ಎದುರಿಗೆ ಕೂತವನಿಗೆ ಮಾತ್ರ ಹೇಳುವ ಹಾಗೆ: "ಹಿಡೀರಿ." ಮುಂದಿನ ನುಡಿಯ ಕೊನೆಗೂ ಇತ್ತು. "ಹ್ಞೂ, ಹಿಡೀರಪ್ಪ." ಅದರ ಮುಂದಿನದರಲ್ಲಿ ಬರಿಯ "ಹ್ಞೂ" ಇತ್ತು. ಕೊನೆಕೊನೆಗೆ ಏನೂ ಇರಲಿಲ್ಲ. ಬಿಡುವು ಮಾತ್ರ ಇತ್ತು, ತಪ್ಪದೆ, ಅಷ್ಟೇ ಉದ್ದಕ್ಕೆ.

ಗುಬ್ಬಿಯ ಆ ಮಧ್ಯಾಹ್ನ. ಆಗ ಅವನಿಗೆ ಅಲ್ಲಿಯ ಕಚೇರಿಯಲ್ಲಿ ಕೆಲಸ. ಟೇಪ್ ರೆಕಾರ್ಡರ್ ಹೊಸದು. ಬಾಡಿಗೆ ಕೋಣೆಯ ಕಿಟಕಿಗೆಲ್ಲ ಜಮಖಾನ ಕಟ್ಟಿ ಹೊರಗಿನ ಸದ್ದು ಬಾರದ ಹಾಗೆ ಮಾಡಿದ್ದ. ಕರಿಸಿದ್ದಪ್ಪ ಒಳಗೆ ಬಂದು ಗೋಡೆಗೊರಗಿ ಕೂತು ಸುತ್ತ ನೋಡಿ, "ನಾ ನಿಲ್ಸಿದ್ ತಾವ ಸೊಲ್ಲು ಹಿಡಿಯೋರು ಯಾರೂ ಇಲ್ವಲ್ಲ ಅಯ್ಯನೋರೆ? ನಮ್ಮ ಮೇಳದೋರ್ನ ಕೂಗ್ಲಾ? ಇಲ್ಲೇ ಚಾ ಅಂಗಡಿ ತಾವ ಅವ್ರೆ" ಎಂದು ಕೇಳಿದ್ದ. "ಬೇಡ ಬೇಡ. ಗಲಾಟೆ ಆಯ್ತದೆ. ನೀವೊಬ್ರೇ ಹಾಡಿ, ಕ್ಲೀನಾಗಿ ಬರ್ಲಿ" ಎಂದಿದ್ದವನು ತಾನೇ. ಮುದುಕ ಸ್ವಲ್ಪ ಹೊತ್ತು ಏಕತಾರಿಯನ್ನು ಸುಮ್ಮನೆ ಮೀಟಿ, "ಒಬ್ನೇ ಹೆಂಗಪ್ಪ ಹಾಡದು" ಎಂದು ತನ್ನಷ್ಟಕ್ಕೆ ಅಂದುಕೊಂಡು, ಕೊನೆಗೆ ಹಾಡಿದ್ದ. ಹಾಡುತ್ತ ಹಾಡುತ್ತ ತನ್ನ ಕಡೆ ಕಣ್ಣೆತ್ತಿ ಗದ್ದ ಅಲ್ಲಾಡಿಸುತ್ತಿದ್ದದ್ದು ಈಗ ನೆನಪಿಗೆ ಬಂತು. ಚೆನ್ನಾಗಿದೆಯಾ ಎಂದು ಕೇಳುತ್ತಿದ್ದಾನೆ ಎಂದುಕೊಂಡು ಗುರುಸಿದ್ದಯ್ಯ ಪ್ರತಿಸಲವೂ ತಲೆದೂಗಿದ್ದ! ಆ ಕೋಣೆಯಲ್ಲಿ ಇದ್ದವನು ತಾನೊಬ್ಬನೇ. ಕರೆದದ್ದು ತನ್ನನ್ನೇ. ಒಂದು ನುಡಿಗಲ್ಲ, ಎರಡು ನುಡಿಗಲ್ಲ, ಕ್ಯಾಸೆಟ್ಟಿನ ಎರಡೂ ಮಗ್ಗುಲು ಮುಗಿಯುವ ತನಕ ಮುದುಕ ಸೊಲ್ಲಿಗೆ ಜಾಗ ಬಿಟ್ಟು ಬಿಟ್ಟು ಕಾದಿದ್ದ.

ತಿರುಗಿ ನೋಡಿದಾಗ ಶಿವರುದ್ರಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೊಪ್ಪಿನ ಮೊರ.

"ಕೇಳ್ತೇನೇ ಅದು? ಹಿಡೀರಿ ಅಂತಾವ್ರೆ."

"ಅಯ್ಯ, ಅದಾ? ಅದು ಮೊದ್ಲಿಂದ್ಲೂ ಅಂತಾನೇ ಅವ್ರಲ್ಲ."

"ಹಳೇ ಟೇಪ್ನಲ್ಲೂ ಕೇಳ್ತಿತ್ತಾ ನಿನ್ಗೆ? ಒಲೆ ಮುಂದೆ ಕುಂತು?"

"ಕೇಳ್ದೆ ಏನು? ಕರೀತಾವ್ರಲ್ಲ ಅಂತಾನೇ ತಾನೇ ನಾನ್ ಹಿಡೀತಿದ್ದದ್ದು." ಸೊಪ್ಪಿನ ಒಂದು ಕಡ್ಡಿಯನ್ನು ಮುರಿದು ಪಕ್ಕಕ್ಕೆ ಹಾಕಿದಳು. "ನಮ್ಮ ಕೊತ್ತಗೆರೆ ಕಡೆ ಪದ ಹೇಳೋರು ಜಗಲಿಗ್ ಬಂದು ಸೊಲ್ಲು ಬಿಟ್ರೆ, ಬೀಸೋರು ಬೀಸೋ ತಾವ್ಲಿಂದ, ಕೊಟ್ಟಿಗೇಲಿರೋರು ಕೊಟ್ಟಿಗೆಯಿಂದ, ಯಾರಾದ್ರೂ ಹಿಡೀಲೇಬೇಕು. ಹಿಡೀದಿದ್ ಮನೇಲಿ ಅವ್ರು ಭಿಕ್ಷೆ ಮುಟ್ತಿರ್ಲಿಲ್ಲ. ಎದ್ದು ಮುಂದ್ಲ ಮನೆಗ್ ಹೋಗ್ತಿದ್ರು." ಇನ್ನೊಂದು ಕಡ್ಡಿ ಮುರಿದು, "ಈ ವಯ್ಯ ಪಾಪ ಎದ್ದೂ ಹೋಗಂಗಿಲ್ಲ. ಪೆಟ್ಟಿಗೇಲಿ ಸಿಗಾಕ್ಕೊಂಡವ್ನೆ" ಎಂದು ಒಳಗೆ ತಿರುಗಿದಳು. ತಿರುಗಿಕೊಂಡೇ, ದನಿಯಲ್ಲಿ ಸಿಟ್ಟಿನ ಸುಳಿವೂ ಇಲ್ಲದೆ ಅಂದಳು: "ಹಿಡಿಯೋದು ಬ್ಯಾಡ ಅಂತ ಆಯ್ತಲ್ಲ. ಇನ್ನೇನ್ ಮಾಡ್ಲಿ."

ಗುರುಸಿದ್ದಯ್ಯ ಕೂತಲ್ಲೇ ಕೂತಿದ್ದ. ಪದ ನಡೆದೇ ಇತ್ತು. ಎರಡು ಮೂಲೆಗಳ ಪೆಟ್ಟಿಗೆಗಳು ಹಣೆಗೆ ಭಸ್ಮ ಧರಿಸಿ, ಇಬ್ಬರು ಹಿರಿಯರ ಹಾಗೆ ಅವನನ್ನು ನೋಡುತ್ತಿದ್ದವು. ಕಾರ್ತಿಕದ ಆ ಭಾನುವಾರದಲ್ಲಿ ತಾನು ಇಷ್ಟು ದಿನ ಕಂಬಳಿಯ ಮಾತೊಂದನ್ನೇ ಎತ್ತಿ ಹಿಡಿದು ನೋಡುತ್ತಿದ್ದೆನಲ್ಲ. ಅದರ ಪಕ್ಕದಲ್ಲೇ, ಒಗ್ಗರಣೆಯ ಸದ್ದಿನೊಳಗೆ ಅರ್ಧಕ್ಕೆ ತುಂಡಾಗಿ ಬಿದ್ದಿದ್ದ ಇನ್ನೊಂದು ಮಾತನ್ನು ಕಾಲಿನಿಂದ ಸರಿಸಿಕೊಂಡು ಬಂದಿದ್ದೆನಲ್ಲ ಎನ್ನಿಸಿತು. ಮೊದಲೆಲ್ಲ ಮನೆ ತುಂಬಿದ್ದು ಯಾವುದರಿಂದ ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಅವನು ಅಡುಗೆಮನೆಯ ಕಡೆ ಹೋಗಿ ಬಾಗಿಲಲ್ಲಿ ನಿಂತ. ಹೇಳಬೇಕಾದ ಮಾತು ಬಾಯಿಯ ತನಕ ಬಂದು, ಇಷ್ಟು ವರ್ಷ ಬಳಸದ ಮಾತಾದ್ದರಿಂದ, ಅಲ್ಲೇ ನಿಂತಿತು. "ಸಾರು ಏನು?" ಎಂದು ಕೇಳಿದ. "ಬಸ್ಸಾರು" ಎಂದಳು. ಅವನು ತಿರುಗಿ ಬಂದ. ಶಿವನೆ, ಬಾಗಿಲ ತನಕ ಕರೆತಂದವನು ನೀನು, ಇನ್ನೊಂದು ಹೆಜ್ಜೆ ದಾಟಿಸು ಎಂದು ಗೂಡಿನ ಮುಂದೆ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿಗೆ ಕಂಡದ್ದು ಮಾತ್ರ ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ಗೋಡೆ, ಗೋಡೆಯ ಮೇಲೆ ತೊಲೆಯ ಹತ್ತಿರ ಇರುವ ಹೊಗೆಗಂಡಿ.

ಮರುದಿನ ಸಂಜೆ ಕಚೇರಿಯಿಂದ ಬಂದವನು ಒದ್ದೆ ಪಂಚೆಯಲ್ಲಿ ಎಷ್ಟು ಒರೆಸಿದರೂ ಕರಿ ಬಟ್ಟೆಯ ಮೇಲಿನ ಗೆರೆ ಪೂರ್ತಿ ಹೋಗಲಿಲ್ಲ. ಹಾಗೆಯೇ ಆಂಪ್ಲಿಫೈಯರಿನ ಸಮೇತ ಆಟೋದಲ್ಲಿ ಹಾಕಿಕೊಂಡು ಹೋದ. ಅಂಜನಮೂರ್ತಿ ಪೆಟ್ಟಿಗೆಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟ. "ಭಸ್ಮ ಬಿದ್ಮೇಲೆ ಅವು ನಿಮ್ಮನೆ ಮಕ್ಳಾದ್ವಲ್ಲ ಸಾರ್! ವಾಪಸ್ ಯಾಕ್ ತಂದ್ರಿ? ಚೆನ್ನಾಗ್ ಕೇಳ್ಲಿಲ್ವಾ?"

"ತುಂಬಾ ಚೆನ್ನಾಗ್ ಕೇಳ್ತಪ್ಪ. ಕೇಳ್ಬೇಕಾದ್ದೆಲ್ಲ ಕೇಳ್ತು" ಎಂದ ಗುರುಸಿದ್ದಯ್ಯ. ಯಾರೂ ಹಾಗೆ ಹೇಳಿ ಸಾಮಾನು ವಾಪಸು ಕೊಟ್ಟದ್ದನ್ನು ಅಂಜನಮೂರ್ತಿ ಕಂಡಿರಲಿಲ್ಲ. "ನಂಗೆ ಒಂದು ಸಣ್ಣ ಸ್ಪೀಕರ್ ಕೊಡು. ಅಗ್ಗದ್ದೇ ಸಾಕು. ಅಡುಗೆಮನೆ ತನಕ ಎಳೆಯೋಷ್ಟು ವೈರು. ಟೇಪಿನ ಒಳಗಿಂದೂ ಹಾಡ್ಬೇಕು, ಇದೂ ಹಾಡ್ಬೇಕು, ಹಂಗ್ ಮಾಡ್ಕೊಡೋಕಾಗ್ತದಾ?"

"ಆಗ್ತದೆ. ಆದ್ರೆ ಅಡುಗೆಮನೆಗ್ಯಾಕೆ ಸಾರ್? ಹೊಗೆ ಹಿಡಿದು ಎರಡ್ ವರ್ಷಕ್ಕೆ ಮಸಿಯಾಗೋಯ್ತದೆ. ದುಡ್ಡು ದಂಡ."

"ಮಸಿಯಾದ್ರೆ ಇನ್ನೊಂದ್ ತಗಳಾಣ ಬುಡು" ಎಂದ ಗುರುಸಿದ್ದಯ್ಯ. ಹಳ್ಳಿಯ ಆ ಮಾತು ಬಹಳ ದಿನದ ಮೇಲೆ ತನ್ನ ಬಾಯಿಗೆ ಬಂದದ್ದಕ್ಕೆ ತಾನೇ ನಕ್ಕ.

ಅವನು ಸ್ಟೂಲು ಹತ್ತಿ, ಹೊಗೆಗಂಡಿಯಿಂದ ತಂತಿ ತೂರಿಸಿ, ಗೋಡೆಗೆ ಮೊಳೆ ಹೊಡೆಯುವುದನ್ನು ಶಿವರುದ್ರಮ್ಮ ಕೆಳಗಿನಿಂದ ನೋಡುತ್ತಿದ್ದಳು. "ಬಿದ್ಗಿದ್ದೀರಿ. ಏನ್ ಈ ಅವತಾರ?" ಎಂದಳು. "ನಿಂಗೇ" ಎಂದಷ್ಟೇ ಹೇಳಿದ. ಮಣ್ಣಿನ ಪುಡಿ ಕಣ್ಣಿಗೆ ಬಿದ್ದಿದ್ದರಿಂದ ಅವಳ ಮುಖ ಕಾಣಲಿಲ್ಲ. ಒಲೆಯಿಂದ ದೂರಕ್ಕೆ, ಮಡಕೆ ಸಾಲಿನ ಮೇಲಿನ ಹಲಗೆಯಲ್ಲಿ ಸ್ಪೀಕರು ಕೂತಿತು. ಆ ವಾರವೆಲ್ಲ ಅದರಲ್ಲಿ ಪದ ಹಾಡಿತು. ಶಿವರುದ್ರಮ್ಮ ಅದರ ಮೇಲಿನ ಧೂಳು ಒರೆಸಿದಳು, ಚೆನ್ನಾಗಿ ಕೇಳುತ್ತದೆ ಎಂದಳು, ಹಾಡಲಿಲ್ಲ. ಬಿಡುವು ಬಂದಾಗಲೆಲ್ಲ ಗುರುಸಿದ್ದಯ್ಯ ಕಿವಿಗೊಟ್ಟು ಕಾದ. ಕಾದದ್ದು ಅಡುಗೆಮನೆಗೆ ಗೊತ್ತಾಗಿರಬಹುದೇ ಎಂದು ನಾಚಿಕೊಂಡ. ಇದೂ ಒಂದು ಬಗೆಯ ಲಂಚವೇ ಅಲ್ಲವೇ, ತಾನು ಕಿತ್ತುಕೊಂಡದ್ದನ್ನು ಅಂಗಡಿಯಿಂದ ತಂದು ಕೊಡುತ್ತಿದ್ದೇನಲ್ಲ ಎನ್ನಿಸಿ ಒಂದು ದಿನ ಟೇಪನ್ನೇ ಹಾಕಲಿಲ್ಲ.

ಮತ್ತೆ ಸೋಮವಾರ ಬಂತು. ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಧರಿಸಿ, ಗುಂಡಿ ಒತ್ತಿದ. ಒಳಗೆ ರೊಟ್ಟಿ ತಟ್ಟುವ ಸದ್ದು. ಕರಿಸಿದ್ದಪ್ಪ ಏಕತಾರಿ ಮೀಟಿದ. "ಎಣ್ಣೆ ಉಂಟು ಬತ್ತಿ ಉಂಟು ಮನೆಯೊಳಗೆ ಕತ್ತಲುಂಟು." ಮಠದ ಪ್ರಾರ್ಥನೆಯಲ್ಲಿ ಕೂಡ ತುಟಿ ಮಾತ್ರ ಆಡಿಸುವವನು ಗುರುಸಿದ್ದಯ್ಯ; ಬಾಲ್ಯದಲ್ಲಿ ಮೇಷ್ಟ್ರು ನಿನ್ನದು ಕೊರಳಲ್ಲ, ಬಾವಿಯ ರಾಟೆ ಎಂದಮೇಲೆ ಬಾಯಿ ತೆರೆದು ಹಾಡಿದವನಲ್ಲ. "ಕಿಚ್ಚ ತರುವರಾರೊ ಗುರುವೆ, ಕಿಚ್ಚ ತರುವರಾರೊ." ಮುದುಕ ನಿಂತ. ಈ ಸಣ್ಣ ಯಂತ್ರದಲ್ಲಿ ಪಿಸುಮಾತು ಗುರುಸಿದ್ದಯ್ಯನಿಗೆ ಎಂದೂ ಕೇಳಿಸಿರಲಿಲ್ಲ, ಇವತ್ತು ಕೇಳಿಸಿತು. ಗುಬ್ಬಿಯ ಆ ಕೋಣೆಯಲ್ಲಿ ತನ್ನ ಕಡೆ ಎತ್ತಿದ ಗದ್ದ ಕಾಣಿಸಿತು. ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ರಾಟೆ ಕಿರುಗುಟ್ಟಿತು:

"ನೆರೆಮನೆಯೊಳುಂಟು ಕಿಚ್ಚು..."

ಅಲ್ಲಿಂದ ಮುಂದಕ್ಕೆ ಅವನಿಗೆ ಬಾರದು. ಅವಳು ಅವತ್ತು ಅಲ್ಲಿಗೇ ನಿಲ್ಲಿಸಿದ್ದಳು. ಅದಕ್ಕೆ ಮೊದಲು ಎಷ್ಟು ಸಲ ಕೇಳಿದ್ದರೂ ಕಿವಿಗೊಟ್ಟಿರಲಿಲ್ಲ. ಆದರೆ ಏಕತಾರಿ ಕಾಯುತ್ತಿತ್ತು, ಮುದುಕ ಕಾಯುತ್ತಿದ್ದ. ನಾಲಿಗೆಗೆ ಏನು ಸಿಕ್ಕಿತೋ ಅದನ್ನು ಹಾಕಿ ಎಳೆದ: "ಕೊಂಡು ತಾರೊ ಅಣ್ಣಾ, ಕೊಂಡು ತಾರೊ!"

ರೊಟ್ಟಿಯ ಸದ್ದು ನಿಂತಿತು. ಆಮೇಲೆ ಅಡುಗೆಮನೆಯಲ್ಲಿ ನಗು ಒಡೆಯಿತು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಪಾತ್ರೆಯೊಂದು ಉರುಳುವಷ್ಟು. "ಅಯ್ಯೋ ನನ್ ಶಿವನೆ! ನೆರೆಮನೆ ಕಿಚ್ಚನ್ನ ಯಾರಾದ್ರೂ ದುಡ್ ಕೊಟ್ಟು ಕೊಂಡ್ಕತಾರೇನ್ರೀ? ಹಂಗಲ್ಲ ಅದು!"

"ಮತ್ತೆ ಹೆಂಗೆ?" ಎಂದು ಇಲ್ಲಿಂದಲೇ ಕೂಗಿದ. "ನಂಗೆ ಬರಲ್ಲ ಕಣೇ ರುದ್ರಿ. ನೀನೇ ಹಿಡಿ. ನಾನ್ ಹಿಡಿದ್ರೆ ಪಾಪ ಆ ಮುದುಕ ಪೆಟ್ಟಿಗೆ ಬಿಟ್ಟು ಓಡೋಯ್ತಾನೆ."

ಕರಿಸಿದ್ದಪ್ಪ, ಇದಾವುದನ್ನೂ ಅರಿಯದವನ ಹಾಗೆ, ಅರಿತವನ ಹಾಗೂ, ಎರಡನೆಯ ನುಡಿಯನ್ನು ಹೇಳಿ ಮುಗಿಸಿ, "ಕಿಚ್ಚ ತರುವರಾರೊ" ಎಂದು ತಿರುಗಿ ಕೇಳಿ, ತನ್ನ ರೂಢಿಯ ಹಾಗೆ ಜಾಗ ಬಿಟ್ಟ. ಕಾವಲಿಯ ಮೇಲೆ ರೊಟ್ಟಿ ಬಿದ್ದ ಚುಂಯ್ ಸದ್ದು. ಅದರ ಹಿಂದೆಯೇ, ಹೊಗೆಗಂಡಿಯಿಂದ, ತಂತಿ ಹೋದ ದಾರಿಯಲ್ಲೇ ಹಿಂತಿರುಗಿ ಬರುವ ಹಾಗೆ, ಮೊದಲು ಸ್ವಲ್ಪ ಅಳುಕಿ, ಆಮೇಲೆ ಅಳುಕದೆ:

"ನೆರೆಮನೆಯೊಳುಂಟು ಕಿಚ್ಚು, ಕೇಳಿ ತಾರೊ ಅಣ್ಣಾ, ಕೇಳಿ ತಾರೊ."

ಗುರುಸಿದ್ದಯ್ಯ ಸದ್ದಿನ ತಿರುಗಣೆಗೆ ಕೈ ಹಾಕಿ, ಮುದುಕನ ದನಿಯನ್ನು ಒಂದಿಷ್ಟು ಇಳಿಸಿದ. ಮನೆ ತುಂಬಿತು.